ಹಬ್ಬ ನಾಳೆನಾ, ನಾಡಿದ್ದಾ?

ಮಾನ್ಯರೇ,

ರಂಜಾನ್ ಮುಗಿಯುವ ಹೊತ್ತಿಗೆ ಪಕ್ಕದ ಮನೆಯವರು ಕೇಳುವುದು ಒಂದೇ: ‘ಹಬ್ಬ ನಾಳೆನಾ, ನಾಡಿದ್ದಾ?’ ನಮಗೂ ಗೊತ್ತಿರುವುದಿಲ್ಲ! 29ನೇ ಉಪವಾಸದ ಸಂಜೆ ಚಂದ್ರ ಕಂಡರೆ ಮಾರನೇ ದಿನ ಹಬ್ಬ, ಇಲ್ಲದಿದ್ದರೆ 30 ಪೂರ್ತಿ. 2024ರಲ್ಲಿ ಮಂಗಳೂರಿನ ನೆಂಟರು ಏಪ್ರಿಲ್ 10ಕ್ಕೇ ಹಬ್ಬ ಮಾಡಿದರು. ಇಲ್ಲಿ ತೀರ್ಥಹಳ್ಳಿಯಲ್ಲಿ ನಾವು ಅಂದು ಇನ್ನೂ ಉಪವಾಸ. ಘಾಟಿ ಇಳಿದರೆ ಬಿರಿಯಾನಿ, ಹತ್ತಿದರೆ ರೋಜಾ (ಉಪವಾಸ)!

ಚಂದ್ರನ ಲೆಕ್ಕದ ವರ್ಷ ಸುಮಾರು 11 ದಿನ ಚಿಕ್ಕದು. ಹಾಗಾಗಿ ಹಬ್ಬ ವರ್ಷವರ್ಷ ಹಿಂದಕ್ಕೆ ಸರಿಯುತ್ತದೆ. 2018ರಲ್ಲಿ ಜೂನ್ ತಿಂಗಳಿಗೆ ಬಂದಿತ್ತು. ಮಲೆನಾಡಿನ ಜೂನ್ ಮೋಡದಲ್ಲಿ ಚಂದ್ರ ಎಲ್ಲಿ ಕಾಣಬೇಕು ಹೇಳಿ! ಬೇರೆ ಊರಿನ ಸುದ್ದಿಗೆ ಕಾಯುವುದೇ ಗತಿ.

ಸುದ್ದಿ ಬಂದ ಮೇಲೆ ಮನೆಯಲ್ಲಿ ಯಾರೂ ಮಲಗುವುದಿಲ್ಲ. ಶೀರ್ ಖುರ್ಮಾಕ್ಕೆ ಖರ್ಜೂರ ಹೆಚ್ಚಬೇಕು, ಶಾವಿಗೆ ಹುರಿಯಬೇಕು. ನಮಾಜಿಗೆ ಮೊದಲೇ ಬಡವರಿಗೆ ಫಿತ್ರಾ ಎಂಬ ಹಬ್ಬದ ದಾನ ಮುಟ್ಟಬೇಕು. ಮನೆಯ ಹಸುಗೂಸಿನ ಲೆಕ್ಕದಲ್ಲೂ ಧಾನ್ಯವನ್ನೋ ಅದರ ಬೆಲೆಯನ್ನೋ ಕೊಡಲೇಬೇಕು.

ಒಮ್ಮೆ ಹಬ್ಬ ಒಂದು ದಿನ ಮುಂದಕ್ಕೆ ಹೋಗಿ, ಮಗ ಅಂದೇ ಪರೀಕ್ಷೆ ಬರೆಯಬೇಕಾಯಿತು. ಕ್ಯಾಲೆಂಡರಿನ ಕೆಂಪು ದಿನದ ಹಿಂದೆಮುಂದೆ ಶಾಲೆಗಳು ಪರೀಕ್ಷೆ ಇಡದಿದ್ದರೆ ಉಪಕಾರವಾಗುತ್ತದೆ.

– ಒಬ್ಬ ಓದುಗ, ತೀರ್ಥಹಳ್ಳಿ