ಸೂಟಿನ ಬಿಲ್ಲು ಯಾರ ತಲೆಗೆ?

ಸರ್, ಅಮೆರಿಕದಲ್ಲಿ ಬಂದೂಕು ಇಟ್ಕೊಳ್ಳೋರ ದೊಡ್ಡ ಸಂಘ ನ್ಯಾಷನಲ್ ರೈಫಲ್ ಅಸೋಸಿಯೇಷನ್ನನ್ನ 1991ರಿಂದ ನಡೆಸಿದ ವೇಯ್ನ್ ಲಾಪಿಯರ್ ಕಥೆ ಓದಿದ್ರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. 2012ರಲ್ಲಿ ಸ್ಯಾಂಡಿ ಹುಕ್ ಶಾಲೇಲಿ 20 ಮಕ್ಕಳು ಗುಂಡಿಗೆ ಬಲಿಯಾಗಿ ವಾರ ಕಳೆದಿತ್ತಷ್ಟೇ, ಈ ಮನುಷ್ಯ ಮೈಕ್ ಮುಂದೆ ನಿಂತು ಪ್ರತಿ ಶಾಲೇಲೂ ಬಂದೂಕು ಹಿಡಿದ ಪೊಲೀಸ್ ಬೇಕು ಅಂದ್ರು, ಆದ್ರೆ ತಮಗೆ ಭಯ ಆದಾಗ ಮಾತ್ರ ಸೇಫ್ ಅಂತ ಬಹಾಮಾಸ್‌ನಲ್ಲಿ ಸಂಸ್ಥೆಯ ಕಾಂಟ್ರಾಕ್ಟರ್ ಒಬ್ಬರ ಯಾಟ್ ಹತ್ತಿದ್ರಂತೆ, ಕೋರ್ಟಲ್ಲಿ ಅವರೇ ಹೇಳಿದ್ದು!

ಬೆವರ್ಲಿ ಹಿಲ್ಸ್ ಅಂಗಡಿಯ ಸೂಟು, ಮನೆಯವರಿಗೆ ಪ್ರೈವೇಟ್ ಜೆಟ್ಟು, ಎಲ್ಲಾ ಮೆಂಬರ್‌ಗಳು ಕಟ್ಟಿದ ದುಡ್ಡಲ್ಲಿ. 2024ರ ಫೆಬ್ರವರೀಲಿ ನ್ಯೂಯಾರ್ಕ್ ಜ್ಯೂರಿ 43 ಲಕ್ಷ ಡಾಲರ್‌ಗೂ ಜಾಸ್ತಿ ವಾಪಸ್ ಕಟ್ಟಿ ಅಂತು. ಬಂದೂಕು ಬೇಕೋ ಬೇಡ್ವೋ ಆಮೇಲೆ, ಚಂದಾ ಕೊಟ್ಟ ಆ ಬೇಟೆಗಾರರು ಲೆಕ್ಕ ಕೇಳೋಕೆ ಮೂವತ್ತು ವರ್ಷ ಯಾಕೆ ಬೇಕಾಯ್ತು?

– ಒಬ್ಬ ಓದುಗ, ಮೈಸೂರು