ಶಿಲುಬೆಯ ಮೇಲಿನ ಅರಸನ ಕುರಿತು ನಿನಗೊಂದು ಪತ್ರ

ಕಾರವಾರ

ಪ್ರೀತಿಯ ಗೆಳೆಯ,

ಕಳೆದ ವಾರ ಫೋನಿನಲ್ಲಿ ನೀನು ಕೇಳಿದ್ದು ಎರಡು ಮಾತಿನಲ್ಲಿ ಮುಗಿಯುವ ವಿಷಯವಲ್ಲ. "ಏಸುವನ್ನು ದೇವರು ಎನ್ನಿ, ಗುರು ಎನ್ನಿ, ಅರ್ಥವಾಗುತ್ತದೆ. ಆದರೆ ರಾಜ ಎನ್ನುವುದು ಯಾವ ಲೆಕ್ಕದಲ್ಲಿ? ಸೈನ್ಯವಿಲ್ಲ, ಬೊಕ್ಕಸವಿಲ್ಲ, ಅಂಗೈಯಗಲ ನೆಲವಿಲ್ಲ" ಎಂದೆ. ನವೆಂಬರ್ ಕೊನೆಗೆ ನಮ್ಮ ಇಗರ್ಜಿಯಲ್ಲಿ ಕ್ರಿಸ್ತರಾಜನ ಹಬ್ಬ. ಅದಕ್ಕೆ ಮೊದಲು ನಿನ್ನ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು, ಬೈಬಲಿನಲ್ಲಿ ಏಸುವಿನ ಬದುಕನ್ನು ಹೇಳುವ ಮತ್ತಾಯನ ಸುವಾರ್ತೆಯನ್ನು ಪೂರ್ತಿ ಓದಿದೆ.

ನಮ್ಮಿಬ್ಬರಿಗೂ ರಾಜನೆಂದರೆ ಮೊದಲು ನೆನಪಾಗುವುದು ಕೋಟೆ. ನಿಮ್ಮ ಕಡೆಯ ಸೋದೆಯ ಅರಸರು ಕಟ್ಟಿಸಿದ ಸದಾಶಿವಗಡ ಇಲ್ಲಿ ಕಾಳಿ ನದಿ ಕಡಲು ಸೇರುವಲ್ಲಿ ಇಂದಿಗೂ ನಿಂತಿದೆ. ಕೈಯಿಂದ ಕೈಗೆ ಹೋಗಿ ಕೊನೆಗೆ ಇಂಗ್ಲಿಷರ ಪಾಲಾಯಿತು. ಮತ್ತಾಯನಿಗೂ ಅಂಥ ಅರಸರು ಗೊತ್ತಿದ್ದರು. ಅವರನ್ನು ಮರೆಮಾಡದೆ ಏಸುವಿನ ಪಕ್ಕದಲ್ಲೇ ತಂದು ನಿಲ್ಲಿಸುತ್ತಾನೆ.

ಮೊದಲ ಅಧ್ಯಾಯದ ವಂಶಾವಳಿಯನ್ನೇ ನೋಡು. ಏಸು ದಾವೀದರಾಜನ ವಂಶದವನು ಎಂದು ತೋರಿಸುವ ಉದ್ದನೆಯ ಪಟ್ಟಿ ಅದು. ಅದರ ನಡುವೆ, ದಾವೀದನಿಗೆ ಸೊಲೊಮೋನ ಹುಟ್ಟಿದ್ದು ಊರೀಯನ ಹೆಂಡತಿಯಲ್ಲಿ ಎಂದು ಬರೆಯುತ್ತಾನೆ. ಆಕೆಯ ಹೆಸರು ಬತ್ಷೆಬೆ. ಅದನ್ನು ಬಿಟ್ಟು, ದಾವೀದ ಯುದ್ಧಭೂಮಿಯಲ್ಲಿ ಉಪಾಯದಿಂದ ಕೊಲ್ಲಿಸಿದ ಆ ಸೈನಿಕನ ಹೆಸರನ್ನು ಉಳಿಸಿದ್ದಾನೆ. ಹೊಗಳುಭಟ್ಟರು ಬರೆಯುವ ವಂಶಾವಳಿ ಹೀಗಿರುವುದಿಲ್ಲ.

ಎರಡನೆಯ ಅಧ್ಯಾಯದಲ್ಲಿ ಹೆರೋದ ಬರುತ್ತಾನೆ. ಅವನು ಹುಟ್ಟಿನಿಂದ ಅರಸನಲ್ಲ, ಕ್ರಿ.ಪೂ. 40ರಲ್ಲಿ ರೋಮಿನ ಸೆನೆಟ್ ಅವನನ್ನು ಯೆಹೂದ್ಯರ ಅರಸನೆಂದು ಹೆಸರಿಸಿತ್ತು. ಪಟ್ಟ ಹೋದೀತೆಂಬ ಭಯದಲ್ಲಿ ಹೆಂಡತಿಯನ್ನೂ ಹೆತ್ತ ಮಕ್ಕಳಲ್ಲಿ ಮೂವರನ್ನೂ ಕೊಲ್ಲಿಸಿದವನು. ಅಂಥವನ ಊರಿಗೆ ಮೂಡಣ ದೇಶದ ಜೋಯಿಸರು ಬಂದು, ಯೆಹೂದ್ಯರ ಅರಸನಾಗಿ ಹುಟ್ಟಿದವನು ಎಲ್ಲಿ ಎಂದು ಕೇಳುತ್ತಾರೆ! ಆ ಅಧ್ಯಾಯವನ್ನು ಓದುವಾಗ ಒಂದು ಸಂಗತಿ ಗಮನಿಸು. ಜೋಯಿಸರು ಬೆತ್ಲೆಹೇಮಿಗೆ ಹೊರಡುವವರೆಗೆ ಮತ್ತಾಯ ಹೆರೋದನನ್ನು ಅರಸ ಎಂದೂ ಕರೆಯುತ್ತಾನೆ. ಅವರು ಮಗುವಿನ ಮುಂದೆ ಮೊಣಕಾಲೂರಿದ ಮೇಲೆ ಒಮ್ಮೆಯೂ ಹಾಗೆ ಕರೆಯುವುದಿಲ್ಲ. ಆಮೇಲೆ ಅವನು ಬರೀ ಹೆರೋದ. ಬೆತ್ಲೆಹೇಮಿನ ಕೂಸುಗಳನ್ನು ಕೊಲ್ಲಿಸುವಾಗಲೂ ಹೆರೋದ, ಸಾಯುವಾಗಲೂ ಹೆರೋದ. ಇದನ್ನು ಕಂಡಾಗ ನನಗೆ ಮೈ ಜುಮ್ಮೆಂದಿತು.

ನನಗೆ ಎಲ್ಲಕ್ಕಿಂತ ಹಿಡಿಸುವುದು ಹದಿನಾಲ್ಕನೆಯ ಅಧ್ಯಾಯ. ಅಲ್ಲಿ ಎರಡು ಊಟಗಳು ಒಂದರ ಹಿಂದೊಂದು ಬರುತ್ತವೆ. ಮೊದಲನೆಯದು ಆ ಹೆರೋದನ ಮಗ ಅಂತಿಪನ ಹುಟ್ಟುಹಬ್ಬದ ಔತಣ. ಅವನು ಮದುವೆಯಾಗಿದ್ದ ಹೆರೋದ್ಯಳ ಮಗಳು ಕುಣಿಯುತ್ತಾಳೆ. ಕೇಳಿದ್ದು ಕೊಡುತ್ತೇನೆಂದು ಅವನು ಆಣೆಯಿಡುತ್ತಾನೆ. ಅವಳು, ಅವನ ಸೆರೆಯಲ್ಲಿದ್ದ ಪ್ರವಾದಿ ಸ್ನಾನಿಕ ಯೋಹಾನನ ತಲೆಯನ್ನು ಹರಿವಾಣದಲ್ಲಿ ಕೇಳುತ್ತಾಳೆ. ಅಂತಿಪನಿಗೆ ದುಃಖವಾಗುತ್ತದೆ. ಆದರೂ ಆಣೆಗೆ ಕಟ್ಟುಬಿದ್ದು, ಊಟಕ್ಕೆ ಕುಳಿತವರ ಮುಂದೆ ಮುಖವುಳಿಸಿಕೊಳ್ಳಲು ಒಪ್ಪಿಬಿಡುತ್ತಾನೆ. ರೋಮ್ ಇವನಿಗೆ ರಾಜಪದವಿ ಕೊಟ್ಟಿರಲಿಲ್ಲ, ಅದಕ್ಕಿಂತ ಕೆಳಗಿನ ಸ್ಥಾನ ಕೊಟ್ಟಿತ್ತು. ಮತ್ತಾಯನಿಗೆ ಅದು ಗೊತ್ತು. ಅಧ್ಯಾಯದ ಆರಂಭದಲ್ಲಿ ಸರಿಯಾಗಿಯೇ ಬರೆದಿದ್ದಾನೆ. ಆದರೆ ಆ ಕೊಲೆಗೆ ಅಪ್ಪಣೆ ಕೊಡುವ ಗಳಿಗೆಯಲ್ಲಿ ಅರಸ ಎನ್ನುತ್ತಾನೆ. ಮುಂದೆ ಕ್ರಿ.ಶ. 39ರಲ್ಲಿ ಅಂತಿಪ ಆ ಪದವಿಯನ್ನೇ ಬೇಡಿಕೊಂಡು ರೋಮಿಗೆ ಹೋದ. ಇದ್ದದ್ದನ್ನೂ ಕಳೆದುಕೊಂಡು ಗಾಲ್ ದೇಶಕ್ಕೆ ಗಡಿಪಾರಾದ.

ಯೋಹಾನ ಸತ್ತ ಸುದ್ದಿ ಕೇಳಿ ಏಸು ದೋಣಿ ಹತ್ತಿ ನಿರ್ಜನ ಸ್ಥಳಕ್ಕೆ ಹೋಗುತ್ತಾನೆ. ಜನ ಕಾಲ್ನಡೆಯಲ್ಲೇ ಬೆನ್ನುಹತ್ತುತ್ತಾರೆ. ಸಂಜೆಯಾಗುತ್ತದೆ. ಇವರನ್ನು ಊರುಗಳಿಗೆ ಕಳಿಸಿಬಿಡು, ಏನಾದರೂ ಕೊಂಡು ತಿನ್ನಲಿ ಎನ್ನುತ್ತಾರೆ ಶಿಷ್ಯರು. "ನೀವೇ ಅವರಿಗೆ ಊಟಕ್ಕೆ ಕೊಡಿ" ಎನ್ನುತ್ತಾನೆ ಏಸು. ಇದ್ದದ್ದು ಐದು ರೊಟ್ಟಿ, ಎರಡು ಮೀನು. ಹುಲ್ಲಿನ ಮೇಲೆ ಪಂಕ್ತಿ. ಗಂಡಸರೇ ಸುಮಾರು 5000, ಹೆಂಗಸರು ಮಕ್ಕಳು ಬೇರೆ. ಯಾರು ಯಾವ ಕುಲ, ಯಾವ ಊರು ಎಂದು ವಿಚಾರಿಸಿದ ಸುದ್ದಿಯಿಲ್ಲ. ಎಲ್ಲರೂ ತಿಂದು ತೃಪ್ತರಾದರು ಎಂದಷ್ಟೇ ಇದೆ. ಅರಮನೆಯ ಹರಿವಾಣದಲ್ಲಿ ಬಂದದ್ದು ತಲೆ, ಇಲ್ಲಿ ಉಳಿದದ್ದು ಹನ್ನೆರಡು ಬುಟ್ಟಿ ರೊಟ್ಟಿ. ಯಾರು ರಾಜ ಎಂದು ಮತ್ತಾಯ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ.

ಇನ್ನು ಶಿಲುಬೆಯ ವಿಚಾರ. ನೀನು ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವನು, ನಿನಗೆ ಇದನ್ನು ವಿವರಿಸಬೇಕಾಗಿಲ್ಲ. ರೋಮಿನ ಅಧಿಪತಿ ಪಿಲಾತನ ಸೈನಿಕರು ಏಸುವಿಗೆ ಕೆಂಪು ನಿಲುವಂಗಿ ತೊಡಿಸಿ, ಮುಳ್ಳಿನ ಕಿರೀಟ ಹೆಣೆದು ತಲೆಗಿಟ್ಟು, ಬಲಗೈಗೆ ಬೆತ್ತ ಕೊಟ್ಟು, ಅಡ್ಡಬಿದ್ದು ಜಯಕಾರ ಕೂಗುತ್ತಾರೆ. ಒಡ್ಡೋಲಗದ ಪ್ರತಿಯೊಂದು ಅಂಗವೂ ಅಲ್ಲಿದೆ, ಒಂದೊಂದೂ ಅಪಹಾಸ್ಯಕ್ಕಾಗಿ. ಜೋಯಿಸರು ಭಕ್ತಿಯಿಂದ ಆಡಿದ್ದ 'ಯೆಹೂದ್ಯರ ಅರಸ' ಎಂಬ ಮಾತು ಅಲ್ಲಿಂದ ಇಲ್ಲಿಯವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ. ಈಗ ಪಿಲಾತನ ವಿಚಾರಣೆಯಲ್ಲಿ, ಸೈನಿಕರ ಅಣಕದಲ್ಲಿ, ತಲೆಯ ಮೇಲೆ ತೂಗುಹಾಕಿದ ಅಪರಾಧದ ಹಲಗೆಯಲ್ಲಿ ಮತ್ತೆ ಬರುತ್ತದೆ. ಅರಸನಾಗಿದ್ದರೆ ಇಳಿದು ಬಾ ಎಂದು ಕೆಳಗೆ ನಿಂತವರು ಕೆಣಕುತ್ತಾರೆ. ಅವನು ಇಳಿಯುವುದಿಲ್ಲ. ನೀನು ಸೋಲು ಎನ್ನುವುದು ಇದನ್ನೇ. ನಾವು ಅವನನ್ನು ಅರಸ ಎನ್ನುವುದು ಇದಕ್ಕಾಗಿಯೇ: ತನ್ನನ್ನು ಉಳಿಸಿಕೊಳ್ಳಲು ಅಧಿಕಾರ ಬಳಸದ ಅರಸನನ್ನು ಇವನ ಹೊರತು ನಾನು ಕಂಡಿಲ್ಲ.

ಮತ್ತಾಯನ ಸುವಾರ್ತೆಯಲ್ಲಿ ಏಸು ಅರಸ ಎಂಬ ಮಾತನ್ನು ನೇರವಾಗಿ ತನಗೆ ಅನ್ವಯಿಸಿಕೊಳ್ಳುವುದು ಒಂದೇ ಕಡೆ, ಇಪ್ಪತ್ತೈದನೆಯ ಅಧ್ಯಾಯದ ಕಡೇ ತೀರ್ಪಿನಲ್ಲಿ. ಸಿಂಹಾಸನದ ಮೇಲಿರುವ ಅರಸ ಹೇಳುತ್ತಾನೆ: ಹಸಿದಿದ್ದೆ, ಊಟ ಕೊಟ್ಟಿರಿ, ಪರದೇಶಿಯಾಗಿದ್ದೆ, ಸೇರಿಸಿಕೊಂಡಿರಿ, ಸೆರೆಯಲ್ಲಿದ್ದೆ, ನೋಡಲು ಬಂದಿರಿ. ನೀತಿವಂತರಿಗೇ ಆಶ್ಚರ್ಯ: ನಿನ್ನನ್ನು ಯಾವಾಗ ಕಂಡೆವು? ಅವರಿಗೆ ಅವನು ಅರಸನೆಂದೇ ಗೊತ್ತಿರಲಿಲ್ಲ. ಆ ಸಿಂಹಾಸನದ ಮುಂದೆ ಕೂಡುವುದು ಎಲ್ಲ ಜನಾಂಗದವರು, ನಮ್ಮವರಷ್ಟೇ ಅಲ್ಲ. 2019ರ ಆಗಸ್ಟ್‌ನಲ್ಲಿ ಕಾಳಿ ಉಕ್ಕಿ ದಂಡೆಯ ಊರುಗಳಿಗೆ ನೀರು ನುಗ್ಗಿದಾಗ ನೀನು ಶಿರಸಿಯಿಂದ ಅಕ್ಕಿ, ಚಾದರ ಹೇರಿಕೊಂಡು ಘಟ್ಟ ಇಳಿದು ಬಂದೆ. ಆ ಭಾಗ ಓದುವಾಗಲೆಲ್ಲ ನನಗೆ ನೀನೇ ನೆನಪಾಗುತ್ತೀಯ. ಇದನ್ನು ನಿನಗೆ ಈವರೆಗೆ ಹೇಳಿರಲಿಲ್ಲ.

ಹಬ್ಬದ ಬಗ್ಗೆಯೂ ಕೇಳಿದ್ದೆ. ಅದು ಪುರಾತನವಾದದ್ದಲ್ಲ, ಮೊದಲ ಮಹಾಯುದ್ಧದಲ್ಲಿ ಯುರೋಪಿನ ದೊಡ್ಡ ದೊಡ್ಡ ಸಿಂಹಾಸನಗಳು ಉರುಳಿದ ಮೇಲೆ, ಇಟಲಿಯಲ್ಲಿ ಮುಸೊಲಿನಿ ಅಧಿಕಾರದಲ್ಲಿದ್ದಾಗ, 1925ರಲ್ಲಿ ಹನ್ನೊಂದನೆಯ ಪಯಸ್ ಜಗದ್ಗುರುಗಳು (ಪೋಪರು) ಆರಂಭಿಸಿದ್ದು. ಪೂಜೆಯ ವಾಚನಗಳು ಮೂರು ವರ್ಷಕ್ಕೊಂದು ಸುತ್ತು ತಿರುಗುತ್ತವೆ. ಈ ವರ್ಷ ಮತ್ತಾಯನ ಸರದಿ, ಹಾಗಾಗಿ ಹಬ್ಬದ ದಿನ ಓದುವುದು ಕಡೇ ತೀರ್ಪಿನ ಇದೇ ಭಾಗ. ಶನಿವಾರ ಸಂಜೆಯ ಬಸ್ಸಿಗೆ ಹೊರಟು ಬಾ. ಭಾನುವಾರ ಬೆಳಿಗ್ಗೆ ನೀನೇ ಕೇಳಿಸಿಕೊಳ್ಳುವೆಯಂತೆ. ಒಪ್ಪಿಗೆಯಾಗದಿದ್ದರೆ ಮಧ್ಯಾಹ್ನವಿಡೀ ವಾದಿಸೋಣ.

ನಿನ್ನ
ಕಾರವಾರದ ಗೆಳೆಯ