ಜನ ಜಾಸ್ತಿಯಾದರು ನಿಜ, ಪರ್ಮಿಷನ್ ಕೊಟ್ಟವರು ಯಾರು ಶಾಸಕರೇ?

ಮಾನ್ಯ ಶಾಸಕರಿಗೆ ನಮಸ್ಕಾರ.

ಬಡಾವಣೆಯ ಸಭೆಯಲ್ಲಿ ನೀರಿನ ವಿಷಯ ಎತ್ತಿದರೆ, "ಜನಸಂಖ್ಯೆ ಈ ಪಾಟಿ ಬೆಳೆದರೆ ಯಾವ ಸರ್ಕಾರ ತಾನೇ ಏನು ಮಾಡೋಕಾಗುತ್ತೆ?" ಅಂದಿರಿ. ವರ್ಷಗಟ್ಟಲೆ ಇದೇ ಉತ್ತರ ಕೇಳಿ ಸಾಕಾಗಿದೆ. ಅದಕ್ಕೇ ಈ ಪತ್ರ.

ಜನ ಜಾಸ್ತಿಯಾಗಿದ್ದು ಸುಳ್ಳಲ್ಲ. ಬೆಂಗಳೂರು ನಗರ ಜಿಲ್ಲೆಯಲ್ಲಿ 2001ರಲ್ಲಿ 65 ಲಕ್ಷ ಜನರಿದ್ದರು, 2011ಕ್ಕೆ 96 ಲಕ್ಷ. 2021ರಲ್ಲಿ ಗಣತಿಯೇ ಆಗಲಿಲ್ಲ. ತಲೆ ಎಣಿಸದಿದ್ದರೂ ಪ್ಲಾನ್ ಪಾಸಾಗುವುದೇನೂ ನಿಲ್ಲಲಿಲ್ಲ ಬಿಡಿ. ನಮ್ಮದು 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲಿ ಒಂದು. ಈ ಹಳ್ಳಿಗಳಿಗೆಂದೇ ಮಾಡಿದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ 17 ವರ್ಷ ಎದ್ದ ಕಟ್ಟಡಗಳಿಗೆಲ್ಲ ಬೋರ್‌ವೆಲ್ಲೇ ಗತಿ. ಪಕ್ಕದ ಅಪಾರ್ಟ್‌ಮೆಂಟ್‌ನವರು ನಮಗಿಂತ ಆಳಕ್ಕೆ ಕೊರೆಸಿದರು, ನಮ್ಮ ಬೋರ್‌ನಲ್ಲಿ ಬರೀ ಗಾಳಿ ಬಂತು. ಮುಂದಿನ ಬೇಸಿಗೆಗೆ ಅವರದೂ ಬತ್ತಿತು. ಈಗ ಇಬ್ಬರೂ ಒಂದೇ ಟ್ಯಾಂಕರ್‌ನವನಿಗೆ ಫೋನ್ ಮಾಡುತ್ತೇವೆ.

ಹಾಗಾಗಿ ಕೇಳುವುದು ಇಷ್ಟೇ. ಕಾವೇರಿ ಪೈಪು, ಯುಜಿಡಿ (ಒಳಚರಂಡಿ) ಎರಡೂ ಇಲ್ಲದ ಕಡೆ ಹೊಸ ಅಪಾರ್ಟ್‌ಮೆಂಟ್‌ಗೆ ಅನುಮತಿ ನಿಲ್ಲಿಸಿ.

ಮಳೆನೀರನ್ನು ಕೆರೆಗೆ ಒಯ್ಯುವ ರಾಜಕಾಲುವೆಯನ್ನು ಮುಚ್ಚಬಾರದೆಂಬ ನಿಯಮ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ನಮ್ಮ ಮನೆ ಹಿಂದೆ ನಡೆದಿದ್ದು ಕೇಳಿ. ಒಂದು ಭಾನುವಾರ ಬೆಳಗ್ಗೆ ಜೆಸಿಬಿ ಬಂತು. ಮಧ್ಯಾಹ್ನದ ಹೊತ್ತಿಗೆ ಕಾಲುವೆ ತುಂಬ ಹಳೇ ಕಟ್ಟಡದ ಡೆಬ್ರಿ. ಒಡೆದ ಟೈಲ್ಸು, ಕಮೋಡಿನ ತುಂಡು, ಕಂಬಿ ಚಾಚಿದ ಕಾಂಕ್ರೀಟು. ಹೊಸ ಅಪಾರ್ಟ್‌ಮೆಂಟ್‌ಗೆ ದಾರಿ ಬೇಕಿತ್ತಂತೆ. ದೂರು ಕೊಟ್ಟ ಮೇಲೆ ಎಂಜಿನಿಯರ್ ಸಾಹೇಬರು ಬಂದರು. ಕಾಲುವೆ ಕಡೆ ನೋಡಲೂ ಇಲ್ಲ, ನನ್ನನ್ನೇ ಕೇಳಿದರು: "ನಿಮ್ಮ ಮನೆಗೆ ಓಸಿ, ಅಂದ್ರೆ ವಾಸಕ್ಕೆ ಯೋಗ್ಯ ಅನ್ನೋ ಪ್ರಮಾಣಪತ್ರ, ಇದೆಯೇನ್ರೀ?" ಆಮೇಲೆ ನಿಮ್ಮದೇ ಮಾತು. "ಜನ ಜಾಸ್ತಿ ಆಗ್ತಿದ್ದಾರೆ ಅಲ್ವಾ ಸರ್, ಅವರೂ ಎಲ್ಲಾದ್ರೂ ಇರಬೇಕಲ್ಲ."

ಮಳೆ ಬಂತು. ಕೆರೆಗೆ ಹೋಗಬೇಕಾದ ನೀರು ಕಾಲುವೆ ಕಾಣದೆ ನಮ್ಮ ಬೀದಿಗೆ ನುಗ್ಗಿತು, ಚರಂಡಿ ನೀರನ್ನೂ ಕರೆದುಕೊಂಡು. ಸಂಪಿನ ಮುಚ್ಚಳ ತೆಗೆದರೆ ಕಪ್ಪು ನೀರು, ಮೇಲೆ ಸೋಪಿನ ನೊರೆ. ಮೊಣಕಾಲುದ್ದ ನೀರಿನಲ್ಲಿ ನಿಂತು ಟ್ಯಾಂಕರ್‌ಗೆ ಫೋನ್ ಮಾಡಿದೆ. "ನೀರು ನಿಂತಿದೆ ಸಾರ್, ಗಾಡಿ ಒಳಗೆ ಬರಲ್ಲ" ಅಂದ. ಮನೆ ಸುತ್ತ ನೀರು, ನಲ್ಲಿಯಲ್ಲಿ ಒಂದು ಹನಿ ಇಲ್ಲ. ಇಂಥ ಅಭಿವೃದ್ಧಿಗೂ ರಿಬ್ಬನ್ ಕತ್ತರಿಸಲು ನೀವೇ ಬನ್ನಿ ಸ್ವಾಮಿ.

ಬಂದ ಜನರನ್ನು ದೂರಬೇಡಿ. ಕೆಲಸ ಹುಡುಕಿಕೊಂಡು ಬಂದವರು ಜೆಸಿಬಿ ತರಲಿಲ್ಲ. ಬೆಳ್ಳಂದೂರು ಕೆರೆ 2017ರಲ್ಲಿ ಹೊತ್ತಿ ಉರಿದಿದ್ದೂ ಜನ ಬಂದರು ಅಂತಲ್ಲ. ಕೊಳಚೆ ಶುದ್ಧ ಮಾಡುವಷ್ಟು ವ್ಯವಸ್ಥೆ ಇಲ್ಲದೆ ಅದನ್ನೂ ಕಸವನ್ನೂ ಕೆರೆಗೆ ಬಿಟ್ಟರಲ್ಲ, ಅದಕ್ಕೆ. ಜನ ಬರುವುದನ್ನು ತಡೆಯೋಕೆ ನಿಮಗಾಗಲ್ಲ, ಒಪ್ಪಿದೆ. ಆದರೆ ನೀರಿಲ್ಲದ ಜಾಗದಲ್ಲಿ ಸಾಲುಸಾಲು ಫ್ಲಾಟ್ ಕಟ್ಟೋಕೆ ಬಿಡುವ ಕಾಗದಕ್ಕೆ ಸಹಿ ಬೀಳುವುದು ಸರ್ಕಾರಿ ಮೇಜಿನ ಮೇಲೇ ಅಲ್ವಾ? ಅದನ್ನು ನಿಲ್ಲಿಸಿ. ಮೊದಲು ಪೈಪು, ಆಮೇಲೆ ಪರ್ಮಿಷನ್.

ಮುಚ್ಚಿದ ಕಾಲುವೆಯನ್ನು ಮುಂದಿನ ಮಳೆಗಾಲದೊಳಗೆ ತೆಗೆಸಿ. ದುಡ್ಡಿಲ್ಲ ಅನ್ನುವುದಾದರೆ ಜೆಸಿಬಿ ಬಾಡಿಗೆಗೆ ನಾವೇ ಚಂದಾ ಎತ್ತುತ್ತೇವೆ. ಅನುಮತಿ ನಿಲ್ಲಿಸುವುದು ಮಾತ್ರ ನಮ್ಮ ಚಂದಾದಿಂದ ಆಗುವ ಕೆಲಸವಲ್ಲ. ಅದನ್ನು ನೀವೇ ಮಾಡಬೇಕು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ